ಎರಡು ಹೋಳು ಬ್ರೆಡ್ಡಿನ ನಡುವೆ

ಊರಿನ ಹೆಸರು ತಿಂಡಿಗೆ ಅಂಟಿಕೊಳ್ಳುವುದು ನಮಗೆ ಹೊಸತಲ್ಲ. ಧಾರವಾಡದ ಪೇಡೆ, ಮದ್ದೂರಿನ ವಡೆ, ಬೆಳಗಾವಿಯ ಕುಂದಾ ಎಂದರೆ ಆಯಾ ಊರಿನ ಕೈಗುಣವೇ ಕಣ್ಣ ಮುಂದೆ ಬರುತ್ತದೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿರುವ ಸ್ಯಾಂಡ್‌ವಿಚ್ ಎಂಬ ಪುಟ್ಟ ಊರಿನ ಕಥೆ ಬೇರೆ. ಎಷ್ಟೋ ಭಾಷೆಗಳನ್ನು ಹೊಕ್ಕಿರುವ ಆ ಹೆಸರಿನ ತಿಂಡಿಗೂ ಆ ಊರಿನ ಒಲೆಗೂ ಯಾವ ನಂಟೂ ಇಲ್ಲ. ಒಂದು ಕಾಲಕ್ಕೆ ಹೆಸರಾಂತ ಬಂದರಾಗಿದ್ದ ಸ್ಯಾಂಡ್‌ವಿಚ್, ಹೂಳು ತುಂಬಿ ಸಮುದ್ರದಿಂದ ದೂರವಾಯಿತು. ಅದರ ಹೆಸರು ಮಾತ್ರ ಒಬ್ಬ ಶ್ರೀಮಂತನ ಪದವಿಯ ಬೆನ್ನು ಹತ್ತಿ ಊಟದ ತಟ್ಟೆಗೆ ಬಂತು.

ಆ ಶ್ರೀಮಂತ ಜಾನ್ ಮಾಂಟೆಗು. ಸ್ಯಾಂಡ್‌ವಿಚ್‌ನ ನಾಲ್ಕನೆಯ ಅರ್ಲ್. 1718ರಲ್ಲಿ ಹುಟ್ಟಿ 1792ರಲ್ಲಿ ತೀರಿಕೊಂಡ ಈತ ಬ್ರಿಟಿಷ್ ನೌಕಾಪಡೆಯ ಆಡಳಿತವನ್ನು ಮೂರು ಬಾರಿ ವಹಿಸಿಕೊಂಡಿದ್ದ. ನಾವಿಕ ಜೇಮ್ಸ್ ಕುಕ್ 1778ರಲ್ಲಿ ಹವಾಯಿ ದ್ವೀಪಗಳಿಗೆ ‘ಸ್ಯಾಂಡ್‌ವಿಚ್ ದ್ವೀಪಗಳು’ ಎಂದು ಹೆಸರಿಟ್ಟದ್ದು ಈತನ ಗೌರವಾರ್ಥವಾಗಿಯೇ. ದ್ವೀಪಗಳ ಆ ಹೆಸರು ಅಳಿಸಿಹೋಯಿತು. ಬ್ರೆಡ್ಡಿನ ಮೇಲಿನ ಹೆಸರು ಉಳಿಯಿತು.

ತಿಂಡಿಯ ಅರ್ಥದಲ್ಲಿ ಈ ಪದ ಬರವಣಿಗೆಯಲ್ಲಿ ಮೊದಲು ಸಿಗುವುದು 1762ರ ನವೆಂಬರ್ 24ರಂದು ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ಬರೆದ ದಿನಚರಿಯಲ್ಲಿ. ಲಂಡನ್ನಿನ ‘ಕೋಕೋ ಟ್ರೀ’ ಕ್ಲಬ್ಬಿನಲ್ಲಿ ರಾಜ್ಯದ ಗಣ್ಯಾತಿಗಣ್ಯರು ಸಣ್ಣ ಸಣ್ಣ ಮೇಜುಗಳಲ್ಲಿ ಕುಳಿತು ತಣ್ಣನೆಯ ಮಾಂಸವನ್ನೋ ಸ್ಯಾಂಡ್‌ವಿಚ್ಚನ್ನೋ ತಿನ್ನುತ್ತಿದ್ದುದನ್ನು ಆತ ದಾಖಲಿಸಿದ್ದಾನೆ. ಅರ್ಲ್ ಜೂಜಿನ ಮೇಜು ಬಿಟ್ಟೇಳಲಾರದೆ ಎರಡು ಹೋಳು ಬ್ರೆಡ್ಡಿನ ನಡುವೆ ಮಾಂಸ ಇಟ್ಟುಕೊಡಲು ಹೇಳಿದನೆಂಬ ಕಥೆಗೆ ಆಧಾರ, ಪಿಯರ್ ಜಾನ್ ಗ್ರೋಸ್ಲಿ ಎಂಬ ಫ್ರೆಂಚ್ ಪ್ರವಾಸಿ 1770ರಲ್ಲಿ ಪ್ರಕಟಿಸಿದ ಲಂಡನ್ ಕುರಿತ ಪುಸ್ತಕ. ಮಂತ್ರಿಯೊಬ್ಬ ಇಪ್ಪತ್ತನಾಲ್ಕು ಗಂಟೆ ಜೂಜಾಡುತ್ತ ಹೀಗೆ ಹೊಟ್ಟೆ ತುಂಬಿಸಿಕೊಂಡ ಎಂದು ಅದರಲ್ಲಿದೆ. ಅರ್ಲ್‌ನ ಜೀವನ ಚರಿತ್ರೆ ಬರೆದ ಎನ್.ಎ.ಎಂ. ರಾಜರ್ ಇದನ್ನು ಒಪ್ಪುವುದಿಲ್ಲ. ಆ ವರ್ಷಗಳಲ್ಲಿ ಅರ್ಲ್‌ಗೆ ಕೈತುಂಬ ರಾಜಕಾರ್ಯವಿತ್ತು, ಆದ್ದರಿಂದ ಅವನು ಹೀಗೆ ತಿಂದದ್ದು ಬಹುಶಃ ಕಾಗದಪತ್ರಗಳ ಮೇಜಿನ ಮುಂದೆ ಎಂಬುದು ಅವರ ವಾದ.

ಜೂಜೋ ಕಚೇರಿಯೋ, ಎರಡು ಕಥೆಗಳಲ್ಲೂ ಒಂದು ಮಾತು ಸಮಾನ. ತಿನ್ನುವವನಿಗೆ ಕೂತು ಉಣ್ಣುವಷ್ಟು ಪುರುಸೊತ್ತಿರಲಿಲ್ಲ, ಒಂದು ಕೈ ಬಿಡುವಾಗಿ ಬೇಕಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಈ ತಿಂಡಿ ಎಲ್ಲೆಲ್ಲಿ ಬೇರುಬಿಟ್ಟಿತೋ ಅಲ್ಲೆಲ್ಲ ಇದೇ ಕಾರಣ ಕಾಣಿಸುತ್ತದೆ. ವ್ಯತ್ಯಾಸವೆಂದರೆ, ಪುರುಸೊತ್ತಿಲ್ಲದವರು ಮಂತ್ರಿಗಳಾಗಿರಲಿಲ್ಲ, ಗಿರಣಿಯ ಕೂಲಿಗಳಾಗಿದ್ದರು.

ಹೆಸರಿಗಿಂತ ಹಳೆಯದು

ಹೆಸರು ಹೊಸದಾದರೂ ತಿನ್ನುವ ಕ್ರಮ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಯಹೂದಿ ಗುರು ಹಿಲ್ಲೆಲ್, ಪಾಸ್‌ಓವರ್ ಹಬ್ಬದ ದಿನ ಹುಳಿ ಹಾಕದ ರೊಟ್ಟಿಯಲ್ಲಿ ಕುರಿಯ ಮಾಂಸ ಮತ್ತು ಕಹಿ ಸೊಪ್ಪನ್ನು ಸೇರಿಸಿ ತಿನ್ನುತ್ತಿದ್ದನೆಂದು ಆ ಪರಂಪರೆ ಹೇಳುತ್ತದೆ. ಯಹೂದಿ ಮನೆಗಳಲ್ಲಿ ಅವನ ನೆನಪಿಗೆ ಇಂದಿಗೂ ಆ ತುತ್ತು ತಿನ್ನುವ ಆಚರಣೆಯಿದೆ. ಮಧ್ಯಯುಗದ ಯುರೋಪಿನಲ್ಲಿ ಹಳಸಿ ಗಟ್ಟಿಯಾದ ಬ್ರೆಡ್ಡಿನ ದಪ್ಪ ಹೋಳೇ ತಟ್ಟೆಯಾಗಿತ್ತು. ಉಳ್ಳವರು ಮೇಲಿನ ಮಾಂಸ ತಿಂದಾದ ಮೇಲೆ ರಸ ಹೀರಿದ ಆ ‘ತಟ್ಟೆ’ ಬಾಗಿಲಲ್ಲಿ ಕಾದವರ ಪಾಲಾಗುತ್ತಿತ್ತು.

ನಮ್ಮ ಉತ್ತರ ಕರ್ನಾಟಕದ ಬುತ್ತಿಯೂ ಇದೇ ಬಳಗದ್ದು. ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಬದನೆಕಾಯಿ ಎಣ್ಣೆಗಾಯಿ ಇಟ್ಟು ರೊಟ್ಟಿ ಮಡಚಿ ಬಟ್ಟೆಯಲ್ಲಿ ಕಟ್ಟಿದರೆ, ಹೊಲದ ಬದುವಿನಲ್ಲಿ ತಟ್ಟೆಯ ಹಂಗಿಲ್ಲದೆ ಊಟ ಆಗುತ್ತದೆ. ರೊಟ್ಟಿಯೇ ತಟ್ಟೆ, ರೊಟ್ಟಿಯೇ ಊಟ. ದುಡಿಯುವ ಜನ ಇರುವ ಕಡೆಯೆಲ್ಲ ಈ ಉಪಾಯ ತಾನಾಗಿಯೇ ಹುಟ್ಟಿದೆ.

ಯಂತ್ರಯುಗ ಇದಕ್ಕೆ ಒಂದು ಅಚ್ಚುಕಟ್ಟು ತಂದಿತು. ಅಮೆರಿಕದ ಓಟೋ ರೋವೆಡರ್ ಕಂಡುಹಿಡಿದ ಯಂತ್ರದಿಂದ ಹೋಳು ಮಾಡಿದ ಬ್ರೆಡ್ಡು ಮೊದಲ ಬಾರಿಗೆ ಮಾರಾಟವಾದದ್ದು 1928ರ ಜುಲೈ 7ರಂದು, ಮಿಸೌರಿ ರಾಜ್ಯದ ಚಿಲಿಕಾತಿ ಎಂಬ ಊರಿನಲ್ಲಿ. ಒಂದೇ ದಪ್ಪದ, ಒಂದೇ ಅಳತೆಯ ಹೋಳುಗಳು ಬಂದದ್ದೇ ತಡ, ಮಕ್ಕಳೂ ತಾವೇ ಸ್ಯಾಂಡ್‌ವಿಚ್ ಮಾಡಿಕೊಳ್ಳುವಂತಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಜನವರಿಯಲ್ಲಿ, ಅಮೆರಿಕ ಸರ್ಕಾರ ಉಳಿತಾಯದ ಹೆಸರಿನಲ್ಲಿ ಹೋಳು ಮಾಡಿದ ಬ್ರೆಡ್ಡನ್ನು ನಿಷೇಧಿಸಿತು. ಗೃಹಿಣಿಯರ ಕೂಗಿಗೆ ಆ ನಿಷೇಧ ಎರಡು ತಿಂಗಳೂ ನಿಲ್ಲಲಿಲ್ಲ.

ರುಚಿಯ ಲೆಕ್ಕಾಚಾರ

ಸ್ಯಾಂಡ್‌ವಿಚ್ ಯಾಕೆ ರುಚಿ? ಅದೇ ಬ್ರೆಡ್ಡು, ಅದೇ ಬೆಣ್ಣೆ, ಅದೇ ತರಕಾರಿಯನ್ನು ಬೇರೆ ಬೇರೆ ತಟ್ಟೆಗಳಲ್ಲಿಟ್ಟು ಒಂದಾದ ಮೇಲೊಂದು ತಿಂದರೆ ಆ ರುಚಿ ಬರುವುದಿಲ್ಲ. ಇಲ್ಲಿ ಎಲ್ಲವೂ ಒಂದೇ ಕಚ್ಚಿಗೆ ಬಾಯಿಗೆ ಬರುತ್ತವೆ. ಗರಿಗರಿ ಮತ್ತು ಮೆತ್ತಗೆ, ಬಿಸಿ ಮತ್ತು ತಂಪು, ಉಪ್ಪು, ಹುಳಿ, ಖಾರ, ಸಿಹಿ ಎಲ್ಲವೂ ಒಟ್ಟಿಗೆ. ಚೆನ್ನಾಗಿ ಬಡಿಸಿದ ಬಾಳೆಎಲೆಯಲ್ಲಿ ಅನ್ನ, ಸಾರು, ಕೋಸಂಬರಿ, ಹಪ್ಪಳಗಳನ್ನು ಕೈ ಕಲಸುತ್ತದೆ. ಸ್ಯಾಂಡ್‌ವಿಚ್ಚಿನಲ್ಲಿ ಆ ಕಲಸುವ ಕೆಲಸವನ್ನು ಮಾಡುವವನೇ ಮೊದಲು ಪದರ ಪದರವಾಗಿ ಮುಗಿಸಿ ಕೊಟ್ಟಿರುತ್ತಾನೆ.

ಇದರಲ್ಲಿ ಬೆಣ್ಣೆಯ ಪಾತ್ರ ಹಿರಿದು. ಅದು ಕೇವಲ ರುಚಿಗೆಂದು ತಿಳಿಯುವವರೇ ಹೆಚ್ಚು. ನಿಜವಾಗಿ ಬೆಣ್ಣೆ ಒಂದು ಗೋಡೆ. ಸೌತೆಕಾಯಿ, ಟೊಮ್ಯಾಟೊಗಳ ಮೇಲೆ ಉಪ್ಪು ಬಿದ್ದ ಕೂಡಲೇ ಅವು ನೀರು ಬಿಡತೊಡಗುತ್ತವೆ. ಬ್ರೆಡ್ಡು ಆ ನೀರು ಕುಡಿದರೆ ಹಿಟ್ಟಿನ ಮುದ್ದೆ. ಅಂಚಿನವರೆಗೂ ಸವರಿದ ಬೆಣ್ಣೆಯ ಜಿಡ್ಡು ನೀರನ್ನು ತಡೆಯುತ್ತದೆ. ಜೊತೆಗೆ ಮೆಣಸಿನಕಾಯಿಯ ಖಾರದ ಅಂಶ ಜಿಡ್ಡಿನಲ್ಲಿ ಕರಗುವಂಥದ್ದು. ಹಾಗಾಗಿ ಬೆಣ್ಣೆಯಿದ್ದಲ್ಲಿ ಖಾರ ನಾಲಿಗೆಗೆ ಚುಚ್ಚುವ ಬದಲು ನಿಧಾನವಾಗಿ ಹರಡುತ್ತದೆ.

ಇನ್ನು ಸುಡುವಿಕೆ. ಬ್ರೆಡ್ಡಿನ ಹೊರಮೈ ಕೆಂಪಗಾದಾಗ ಏಳುವ ಪರಿಮಳದ ಹಿಂದಿನ ರಾಸಾಯನಿಕ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ. ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ವೇಗವಾಗಿ ಬೆರೆತು ಹೊಸ ಹೊಸ ಸುವಾಸನೆಗಳನ್ನು ಹುಟ್ಟಿಸುತ್ತವೆ. ಬ್ರೆಡ್ಡಿನ ಒಳಭಾಗದಲ್ಲಿ ನೀರಿರುವುದರಿಂದ ಅಲ್ಲಿಯ ಶಾಖ 100 ಡಿಗ್ರಿ ಮೀರದು. ಒಳಗೆ ಬಿಳುಪು, ಹೊರಗೆ ಕೆಂಪು ಎಂಬ ಭೇದಕ್ಕೆ ಇದೇ ಕಾರಣ. ದೋಸೆಯ ತಳ ಕೆಂಪಗಾಗುವುದೂ, ಹುರಿದ ಕಾಫಿ ಬೀಜ ಘಮ್ಮೆನ್ನುವುದೂ ಈ ಕ್ರಿಯೆಯಿಂದಲೇ.

ಹಳೆಯ ಬ್ರೆಡ್ಡು ಗಟ್ಟಿಯಾಗುವುದು ಒಣಗಿದ್ದರಿಂದ ಮಾತ್ರವಲ್ಲ. ಬೇಯುವಾಗ ನೀರು ಹೀರಿ ಸಡಿಲಗೊಂಡ ಪಿಷ್ಟದ ಕಣಗಳು ತಣ್ಣಗಾದಂತೆ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಈ ಜೋಡಣೆ ಇನ್ನೂ ಬೇಗ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೂಸು ಹಿಡಿಯುವುದು ತಡವಾದೀತು, ಮೆತ್ತಗಿನ ಗುಣ ಮಾತ್ರ ಬೇಗ ಹೋಗುತ್ತದೆ. ಅಂಥ ಬ್ರೆಡ್ಡನ್ನು ಬಿಸಿ ಮಾಡಿದರೆ ಜೋಡಣೆ ಸಡಿಲಗೊಂಡು ಸ್ವಲ್ಪ ಹೊತ್ತು ಮತ್ತೆ ಮೃದುವಾಗುತ್ತದೆ. ನಿನ್ನೆಯ ಬ್ರೆಡ್ಡು ಟೋಸ್ಟಿಗೆ ಒದಗುವ ಗುಟ್ಟು ಇದು.

ಮುಂಬಯಿಯ ಬೀದಿಯಲ್ಲಿ

ಈ ಲೆಕ್ಕಾಚಾರವೆಲ್ಲ ಮುಂಬಯಿಯ ಬೀದಿಬದಿಯ ಸ್ಯಾಂಡ್‌ವಿಚ್ ಮಾಡುವವನ ಕೈಯಲ್ಲಿ ಇದೆ. ಬಿಳಿ ಬ್ರೆಡ್ಡಿನ ಎರಡು ಹೋಳಿಗೂ ಅಂಚು ಬಿಡದಂತೆ ಬೆಣ್ಣೆ. ಅದರ ಮೇಲೆ ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆಹುಳಿಯ ಹಸಿರು ಚಟ್ನಿ. ಆಮೇಲೆ ತೆಳುವಾಗಿ ಹೆಚ್ಚಿದ ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮ್ಯಾಟೊ, ಈರುಳ್ಳಿ. ಪದರ ಪದರಕ್ಕೂ ಚಾಟ್ ಮಸಾಲೆಯ ಚಿಟಿಕೆ. ಕೈಹಿಡಿಯ ಇಕ್ಕಳದಂಥ ಟೋಸ್ಟರಿನಲ್ಲಿ ಒತ್ತಿ ಕೆಂಡದ ಮೇಲೋ ಗ್ಯಾಸಿನ ಮೇಲೋ ತಿರುವಿ ತಿರುವಿ ಸುಟ್ಟು, ಮೇಲೆ ಮತ್ತೆ ಬೆಣ್ಣೆ ಸವರಿ, ತುಂಡು ಮಾಡಿ, ಸೇವು ಉದುರಿಸಿ ಕೊಡುತ್ತಾನೆ.

ಪ್ರತಿ ಪದರಕ್ಕೂ ಅದರದೇ ಕೆಲಸವುಂಟು. ಆಲೂಗಡ್ಡೆ ಹೊಟ್ಟೆ ತುಂಬಿಸುತ್ತದೆ, ಪಕ್ಕದ ತರಕಾರಿ ಬಿಟ್ಟ ನೀರನ್ನೂ ಹೀರಿಕೊಳ್ಳುತ್ತದೆ. ಬೀಟ್‌ರೂಟಿನ ಮಣ್ಣಿನ ವಾಸನೆಯ ಸಿಹಿ ಚಟ್ನಿಯ ಖಾರಕ್ಕೆ ಎದುರು ನಿಲ್ಲುತ್ತದೆ. ಸೌತೆಕಾಯಿ ತಂಪು, ಈರುಳ್ಳಿ ಕಟುವು. ಚಾಟ್ ಮಸಾಲೆಯ ಆಮ್‌ಚೂರು ಮತ್ತು ಕಪ್ಪುಪ್ಪು ಸಪ್ಪೆ ಬ್ರೆಡ್ಡಿಗೆ ಜೀವ ತುಂಬುತ್ತವೆ. ಮಸಾಲೆ ಉದುರಿಸಿದ ಕೂಡಲೇ ಮುಚ್ಚಿ ಸುಡುವುದರಿಂದ ಉಪ್ಪಿಗೆ ನೀರು ಎಳೆಯಲು ಹೆಚ್ಚು ಸಮಯ ಸಿಗುವುದಿಲ್ಲ. ಇಂಗ್ಲಿಷರ ಸೌತೆಕಾಯಿ ಸ್ಯಾಂಡ್‌ವಿಚ್ಚಿನ ಸಪ್ಪೆ ದೇಹದೊಳಗೆ ಭೇಲ್‌ಪುರಿಯ ಆತ್ಮ ಹೊಕ್ಕಂತೆ ಈ ತಿಂಡಿ.

ಇದೇ ನಗರದ ವಡಾ ಪಾವ್‌ನ ಕಥೆ ಇನ್ನೂ ಗಾಢವಾದುದು. ಪಾವ್ ಎಂಬ ಪದ ಪೋರ್ಚುಗೀಸರ ‘ಪಾಂವ್’ನಿಂದ ಬಂದದ್ದು, ಬ್ರೆಡ್ಡು ಎಂದೇ ಅದರ ಅರ್ಥ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಜೊತೆ ಈ ಬ್ರೆಡ್ಡು ಪಶ್ಚಿಮ ಕರಾವಳಿಗೆ ಬಂತು. ಹಿಟ್ಟು ಹುದುಗಲು ಅಲ್ಲಿನ ತೆಂಗಿನ ಕಳ್ಳು ಒದಗಿತು. ಮಡಿವಂತರಿಗೆ ಮಾತ್ರ ಅದು ಮೈಲಿಗೆಯ ವಸ್ತುವಾಯಿತು. ಊರಿನ ಬಾವಿಗೆ ಬ್ರೆಡ್ಡಿನ ತುಂಡು ಎಸೆದು, ಆ ನೀರು ಕುಡಿದವರೆಲ್ಲ ಜಾತಿ ಕಳೆದುಕೊಂಡರೆಂದು ಸಾರಿ ಮತಾಂತರ ಮಾಡಿದರೆಂಬ ಕಥೆ ಕೊಂಕಣದ ಉದ್ದಕ್ಕೂ ಪ್ರಚಲಿತವಾಗಿದೆ. ಹಿಟ್ಟನ್ನು ಕಾಲಿನಿಂದ ತುಳಿಯುವುದರಿಂದಲೇ ‘ಪಾವ್’ ಎಂದರೆಂಬ ತಪ್ಪು ನಂಬಿಕೆಯೂ ಇತ್ತು. ಇಷ್ಟೆಲ್ಲ ಅನುಮಾನ ಹೊತ್ತ ಬ್ರೆಡ್ಡನ್ನು ಕೊನೆಗೂ ಎಲ್ಲರ ಕೈಗೆ ತಲುಪಿಸಿದ್ದು ಹಸಿವು, ಅವಸರ ಮತ್ತು ಅಗ್ಗದ ಬೆಲೆ.

ದಾದರ್ ರೈಲು ನಿಲ್ದಾಣದ ಹೊರಗೆ 1966ರ ಸುಮಾರಿಗೆ ಅಶೋಕ್ ವೈದ್ಯ ಎಂಬುವರು ಬಟಾಟೆವಡೆಯನ್ನು ಪಾವ್‌ನೊಳಗಿಟ್ಟು ಮಾರಲು ಆರಂಭಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಗಿರಣಿಯ ಪಾಳಿ ಮುಗಿಸಿ ರೈಲು ಹಿಡಿಯಲು ಓಡುವವನಿಗೆ ಅದು ಹೇಳಿ ಮಾಡಿಸಿದ ಊಟ. ಮೆತ್ತನೆಯ ಪಾವ್, ಕಡಲೆಹಿಟ್ಟಿನ ಗರಿಯಾದ ಹೊದಿಕೆ, ಒಳಗೆ ಬಿಸಿ ಆಲೂಗಡ್ಡೆ, ಒಣ ಬೆಳ್ಳುಳ್ಳಿ ಚಟ್ನಿ, ನಂಜಿಕೊಳ್ಳಲು ಕರಿದ ಹಸಿಮೆಣಸಿನಕಾಯಿ. ಮೆತ್ತಗಿನದರೊಳಗೆ ಗರಿ, ಗರಿಯೊಳಗೆ ಮತ್ತೆ ಮೆತ್ತಗೆ.

ಈ ತಿಂಡಿಯ ಬೆಳವಣಿಗೆಯಲ್ಲಿ ಕನ್ನಡಿಗರಿಗೂ ಸಂಬಂಧಿಸಿದ ಒಂದು ಎಳೆಯಿದೆ. ಅದೇ 1966ರಲ್ಲಿ ಹುಟ್ಟಿದ ಶಿವಸೇನೆ ಆರಂಭದ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆಸಿತು. ಕರಾವಳಿ ಕರ್ನಾಟಕದಿಂದ ಹೋಗಿ ಕಪ್ಪು ತೊಳೆಯುವುದರಿಂದ ಮೊದಲುಮಾಡಿ ಹೋಟೆಲು ಕಟ್ಟಿದವರ ಉಡುಪಿ ಹೋಟೆಲುಗಳು ಆ ಸಿಟ್ಟಿಗೆ ಗುರಿಯಾದವು. ಇಡ್ಲಿ ದೋಸೆಗೆ ಎದುರಾಗಿ ಮರಾಠಿ ತರುಣರು ವಡಾ ಪಾವ್ ಗಾಡಿ ಇಡಲಿ ಎಂದು ಪಕ್ಷ ಹುರಿದುಂಬಿಸಿತು. ಆದರೆ ಬೀದಿಯ ಹಸಿವು ಪಕ್ಷದ ಮಾತು ಕೇಳುವುದಿಲ್ಲ. ಬೆಳಿಗ್ಗೆ ಇಡ್ಲಿ ತಿಂದವನೇ ಸಂಜೆ ವಡಾ ಪಾವ್ ತಿಂದ.

1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷಕ್ಕೂ ಮೀರಿ ಎಳೆದ ಆ ಮುಷ್ಕರದ ಬಳಿಕ ಅನೇಕರಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ನೂಲಿನ ಯಂತ್ರದ ಮುಂದೆ ನಿಲ್ಲುತ್ತಿದ್ದವರಲ್ಲಿ ಹಲವರು ಎಣ್ಣೆ ಬಾಣಲೆಯ ಮುಂದೆ ನಿಂತರು. ನಿನ್ನೆಯವರೆಗೆ ವಡಾ ಪಾವ್ ಕೊಳ್ಳುತ್ತಿದ್ದವರು ಇಂದು ಅದನ್ನು ಮಾರತೊಡಗಿದರು. ಮುಂಬಯಿಗೆ ಇಂದು ಹೆಮ್ಮೆಯ ಗುರುತಾಗಿರುವ ಈ ತಿಂಡಿಯ ಪ್ರಸಾರದ ಹಿಂದೆ ಒಂದು ಉದ್ಯಮ ಕುಸಿದ ನೋವಿದೆ.

ಸೈಗಾನಿನ ಬನ್ ಮಿ

ಪರಕೀಯರ ಬ್ರೆಡ್ಡನ್ನು ತಮ್ಮದಾಗಿ ಮಾಡಿಕೊಂಡ ಇನ್ನೊಂದು ಜನ ವಿಯೆಟ್ನಾಮಿನವರು. 1859ರಲ್ಲಿ ಸೈಗಾನನ್ನು ಹಿಡಿದ ಫ್ರೆಂಚರು ತಮ್ಮ ಉದ್ದನೆಯ ಬ್ಯಾಗೆಟ್ ಬ್ರೆಡ್ಡನ್ನೂ ತಂದರು. ಅಲ್ಲಿನ ಹವೆಗೆ ಗೋಧಿ ಒಗ್ಗದು. ಹಡಗಿನಲ್ಲಿ ಬಂದ ಹಿಟ್ಟಿನಿಂದ ಮಾಡಿದ ಬ್ರೆಡ್ಡು ಬಹುಕಾಲ ದೊರೆಗಳ ಊಟವಾಗಿಯೇ ಉಳಿಯಿತು. ಅದನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಬೆಣ್ಣೆ, ಮಾಂಸದ ಹೋಳುಗಳನ್ನು ಇಟ್ಟುಕೊಂಡು ಸಾವಧಾನವಾಗಿ ತಿನ್ನುವುದು ಫ್ರೆಂಚರ ಕ್ರಮ.

1954ರಲ್ಲಿ ಫ್ರೆಂಚರು ಸೋತು ದೇಶ ಎರಡು ಭಾಗವಾದಾಗ ಲಕ್ಷಾಂತರ ಜನ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದರು. ಹಾಗೆ ಬಂದ ದಂಪತಿ 1958ರಲ್ಲಿ ಸೈಗಾನಿನಲ್ಲಿ ‘ಹೋವಾ ಮಾ’ ಎಂಬ ಅಂಗಡಿ ತೆರೆದರು. ಕೆಲಸಕ್ಕೆ ಹೋಗುವ ಜನರಿಗೆ, ಓದುವ ಹುಡುಗರಿಗೆ ಕೂತು ತಿನ್ನಲು ಬಿಡುವಿರಲಿಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ಬ್ರೆಡ್ಡಿನ ಹೊಟ್ಟೆ ಸೀಳಿ ತುಂಬಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುವ ಪದ್ಧತಿ ಅಲ್ಲಿಂದ ಜನಪ್ರಿಯವಾಯಿತು ಎನ್ನಲಾಗಿದೆ. ಲಂಡನ್ನಿನ ಅರ್ಲ್‌ನ ಅಗತ್ಯವೇ ಎರಡು ಶತಮಾನಗಳ ಬಳಿಕ ಸೈಗಾನಿನ ಬೀದಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಬನ್ ಮಿಯ ರುಚಿ ನಿಂತಿರುವುದು ವಿರೋಧಗಳ ಮೇಲೆ. ಮುಟ್ಟಿದರೆ ಪುಡಿಯಾಗುವ ತೆಳು ಹೊರಪದರ, ಒಳಗೆ ಹತ್ತಿಯಂಥ ಹಗುರ. ಫ್ರೆಂಚರ ಜಿಡ್ಡಿನ ಪಾಟೆ ಮತ್ತು ಮೇಯನೇಸ್, ಅದರ ಮೇಲೆ ಹಂದಿಮಾಂಸ. ಆ ಜಿಡ್ಡನ್ನು ಕತ್ತರಿಸಲು ಸಕ್ಕರೆ, ವಿನಿಗರ್‌ನಲ್ಲಿ ನೆನೆಸಿದ ಕ್ಯಾರೆಟ್ ಮತ್ತು ಮೂಲಂಗಿ. ಕೊನೆಗೆ ಸೌತೆಕಾಯಿ, ಹಸಿ ಕೊತ್ತಂಬರಿ, ಮೆಣಸಿನಕಾಯಿ. 1975ರ ನಂತರ ದೇಶ ಬಿಟ್ಟ ನಿರಾಶ್ರಿತರು ಇದನ್ನು ಅಮೆರಿಕ, ಆಸ್ಟ್ರೇಲಿಯಾ, ಫ್ರಾನ್ಸ್‌ಗಳಿಗೆ ಒಯ್ದರು. 2011ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಬನ್ ಮಿ’ ಪದಕ್ಕೆ ಜಾಗ ಕೊಟ್ಟಿತು. ಒಡೆಯರ ಬ್ರೆಡ್ಡು ವಲಸಿಗರ ಅನ್ನವಾಗಿ ಒಡೆಯರ ನಾಡಿಗೇ ಮರಳಿತು.

ಬೆಂಗಳೂರಿನ ಬನ್ನು

ಕರ್ನಾಟಕದ ಒಳನಾಡಿನಲ್ಲಿ ಬ್ರೆಡ್ಡು ಬಹಳ ಕಾಲ ರೋಗಿಯ ಪಥ್ಯವಾಗಿತ್ತು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಗಟ್ಟಿಮುಟ್ಟಾದವರು ಬ್ರೆಡ್ಡು ತಿಂದರೆ ಮನೆಯ ಹಿರಿಯರು ಮೈ ಮುಟ್ಟಿ ನೋಡುತ್ತಿದ್ದ ಕಾಲವದು. ಮೊಟ್ಟೆ ಸೇರಿದ್ದೀತೇ, ಯಾರ ಕೈಯಲ್ಲಿ ನಾದಿದ್ದೋ ಎಂಬ ಮಡಿವಂತರ ಶಂಕೆ ಬೇರೆ.

ಈ ಶಂಕೆಯನ್ನು ಕಳೆದದ್ದರಲ್ಲಿ ಅಯ್ಯಂಗಾರ್ ಬೇಕರಿಗಳ ಪಾಲು ದೊಡ್ಡದು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬೇಕರಿಯೇ ಇವುಗಳಿಗೆ ಮೂಲ ಎಂಬುದು ರೂಢಿಯ ಮಾತು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಒಬ್ಬರ ಹಿಂದೊಬ್ಬರು ಬಂದು ಊರೂರಿನಲ್ಲಿ ಬೇಕರಿ ಇಟ್ಟರು. ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನು, ಬಿಸ್ಕತ್ತು ಎಂಬ ಭರವಸೆಯಿಂದ ಮಡಿಯ ಮನೆಗಳ ಬಾಗಿಲೂ ತೆರೆಯಿತು. ಹಿಟ್ಟಿಗೇ ಹಸಿಮೆಣಸಿನಕಾಯಿ, ಕೊತ್ತಂಬರಿ, ಈರುಳ್ಳಿ ಸೇರಿಸಿದ ಖಾರ ಬನ್ನು, ಈರುಳ್ಳಿ ಪಲ್ಯ ಹೊದ್ದ ಬ್ರೆಡ್ ಟೋಸ್ಟು ಇವೆಲ್ಲ ಆ ಒಲೆಗಳಿಂದ ಜನರಿಗೆ ರೂಢಿಯಾದವು. ಮಡಿ ಮೈಲಿಗೆಯನ್ನು ವಾದದಿಂದ ಯಾರೂ ಗೆಲ್ಲಲಿಲ್ಲ. ಅದರ ಮಾತಿನಲ್ಲೇ ಅದಕ್ಕೆ ಉತ್ತರ ಕೊಟ್ಟು ಬ್ರೆಡ್ಡು ಅಡುಗೆಮನೆ ಹೊಕ್ಕಿತು.

ಬೆಂಗಳೂರಿನದೇ ಆದ ಸ್ಯಾಂಡ್‌ವಿಚ್ ಯಾವುದು ಎಂದು ಕೇಳಿದರೆ ಹಳೆಯ ಬಡಾವಣೆಗಳ ಜನ ಕಾಂಗ್ರೆಸ್ ಬನ್ನಿನತ್ತ ಬೆರಳು ತೋರುತ್ತಾರೆ. ಬನ್ನು ಸೀಳಿ, ಬೆಣ್ಣೆ ಧಾರಾಳವಾಗಿ ಸವರಿ, ನಡುವೆ ಕಾಂಗ್ರೆಸ್ ಕಡಲೆಕಾಯಿ ತುಂಬಿದರೆ ಮುಗಿಯಿತು. ಸಿಪ್ಪೆ ತೆಗೆದು ಎರಡಾಗಿ ಬಿಡಿಸಿ ಹುರಿದ ಕಡಲೆಬೀಜಕ್ಕೆ ಖಾರದಪುಡಿ, ಇಂಗು, ಅರಿಸಿನ, ಕರಿಬೇವು ಬೆರೆಸಿದ್ದೇ ಕಾಂಗ್ರೆಸ್ ಕಡಲೆಕಾಯಿ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ ಬಿರುಕು ಬಿಟ್ಟ ಕಾಂಗ್ರೆಸ್ ಪಕ್ಷ ಅದೇ ವರ್ಷ ನವೆಂಬರಿನಲ್ಲಿ ಎರಡು ಹೋಳಾಯಿತು. ಎರಡು ಹೋಳಾದ ಕಡಲೆಬೀಜಕ್ಕೂ ಆ ಹೆಸರೇ ಅಂಟಿತೆಂದು ಜನ ಹೇಳುತ್ತಾರೆ. ರುಚಿಯ ಲೆಕ್ಕ ಇಲ್ಲೂ ಅದೇ. ಸಿಹಿ ಛಾಯೆಯ ಮೆತ್ತನೆಯ ಬನ್ನು, ತಂಪು ಬೆಣ್ಣೆ, ಕಟುಂ ಎನ್ನುವ ಖಾರದ ಬೀಜ.

ನ್ಯಾಯಾಲಯದ ಮೆಟ್ಟಿಲಿಗೆ

ಇಷ್ಟು ಬಗೆಗಳಿರುವಾಗ ಸ್ಯಾಂಡ್‌ವಿಚ್ ಎಂದರೆ ಏನು ಎಂಬ ಪ್ರಶ್ನೆ ಏಳುವುದು ಸಹಜ. 2006ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯವೊಂದು ಇದನ್ನೇ ವಿಚಾರಿಸಬೇಕಾಯಿತು. ಒಂದು ಮಳಿಗೆ ಸಂಕೀರ್ಣದಲ್ಲಿ ಬೇರೊಂದು ಸ್ಯಾಂಡ್‌ವಿಚ್ ಅಂಗಡಿಗೆ ಜಾಗ ಕೊಡಬಾರದೆಂಬ ಕರಾರಿತ್ತು. ಅಲ್ಲಿಗೆ ಮೆಕ್ಸಿಕೋದ ಬರಿಟೊ ಮಾರುವವರು ಬರುವುದಕ್ಕೆ ಹಳಬರು ತಕರಾರು ತೆಗೆದರು. ಸ್ಯಾಂಡ್‌ವಿಚ್ಚಿಗೆ ಎರಡು ಹೋಳು ಬ್ರೆಡ್ಡು ಬೇಕು, ಬರಿಟೊಗೆ ಇರುವುದು ಸುತ್ತಿದ ಒಂದೇ ರೊಟ್ಟಿ, ಆದ್ದರಿಂದ ಅದು ಸ್ಯಾಂಡ್‌ವಿಚ್ ಅಲ್ಲ ಎಂದು ನ್ಯಾಯಾಧೀಶರು ತೀರ್ಪಿತ್ತರು. ನ್ಯೂಯಾರ್ಕಿನ ತೆರಿಗೆ ಇಲಾಖೆಯ ಪಟ್ಟಿಯಲ್ಲಾದರೋ ಬರಿಟೊ ಸ್ಯಾಂಡ್‌ವಿಚ್ಚೇ! 2020ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ತೆರಿಗೆ ಕಾನೂನಿನಂತೆ ಬ್ರೆಡ್ಡಿನಲ್ಲಿ ಸಕ್ಕರೆ ಹಿಟ್ಟಿನ ತೂಕದ ಶೇಕಡ 2ನ್ನು ಮೀರಬಾರದು. ಒಂದು ಪ್ರಸಿದ್ಧ ಸ್ಯಾಂಡ್‌ವಿಚ್ ಸರಣಿಯ ಬ್ರೆಡ್ಡಿನಲ್ಲಿ ಅದು ಶೇಕಡ 10 ಇದ್ದುದರಿಂದ ತೆರಿಗೆಯ ಲೆಕ್ಕಕ್ಕೆ ಅದು ಬ್ರೆಡ್ಡೇ ಅಲ್ಲ ಎಂದಿತು. ಈ ನ್ಯಾಯಾಧೀಶರ ಮುಂದೆ ನಮ್ಮ ಮಸಾಲೆ ದೋಸೆ ಬಂದು ನಿಂತಿದ್ದರೆ ಏನೆನ್ನುತ್ತಿದ್ದರೋ!

ತಿನ್ನುವವರಿಗೆ ಇಂಥ ವ್ಯಾಖ್ಯೆ ಬೇಕಿಲ್ಲ. ಅಂಚಿನವರೆಗೆ ಜಿಡ್ಡು, ಮೆತ್ತಗಿನದಕ್ಕೆ ಎದುರಾಗಿ ಒಂದು ಗರಿ, ಸಪ್ಪೆಗೆ ಎದುರಾಗಿ ಒಂದು ಹುಳಿಯೋ ಖಾರವೋ, ಮಾಡಿದ ಕೂಡಲೇ ತಿನ್ನುವ ಅವಸರ. ಇಷ್ಟಿದ್ದರೆ ಯಾವ ನಾಡಿನ ಸ್ಯಾಂಡ್‌ವಿಚ್ಚೂ ರುಚಿಯೇ. ಇವುಗಳಲ್ಲಿ ಹೆಚ್ಚಿನವು ಅರಮನೆಯ ಅಡುಗೆಭಟ್ಟರ ಸೃಷ್ಟಿಯಲ್ಲ. ಪಾಳಿಯ ಸೈರನ್ನಿಗೂ ರೈಲಿನ ಸಿಳ್ಳಿಗೂ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ, ಕೈಯಲ್ಲಿದ್ದ ಚಿಲ್ಲರೆ ಕಾಸಿನಲ್ಲಿ, ಹೊಟ್ಟೆಯೂ ತುಂಬಬೇಕು ನಾಲಿಗೆಯೂ ಒಪ್ಪಬೇಕು ಎಂದವರ ಸೃಷ್ಟಿ. ಅರ್ಲ್ ಸಾಹೇಬ ಅದಕ್ಕೆ ಹೆಸರು ಕೊಟ್ಟ. ರುಚಿ ಕೊಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ.